ಡಯಲ್ ಬಿಪಿ ಮೆಷಿನ್: ಮನೆಯಲ್ಲಿ ಸರಿಯಾಗಿ ನೋಡುವುದು ಹೇಗೆ, ಕೆಡದಂತೆ ಇಟ್ಟುಕೊಳ್ಳುವುದು ಹೇಗೆ

ಅಪ್ಪನಿಗೆ ಬಿಪಿ ಇದೆ ಎಂದು ಗೊತ್ತಾದ ವಾರವೇ ನಾನು ಒಂದು ಡಯಲ್ ಮೆಷಿನ್ ತಂದೆ. ಕೈಯಲ್ಲಿ ಹಿಚುಕಿ ಗಾಳಿ ತುಂಬುವಂಥದ್ದು, ಜೊತೆಗೊಂದು ಸ್ಟೆತಸ್ಕೋಪ್. ಬೆಳಿಗ್ಗೆ ನೋಡಿದರೆ 158, ಮಧ್ಯಾಹ್ನ 136, ಸಂಜೆ 150. ಅಪ್ಪನಿಗೆ ಭಯ, ನನಗೆ ಅದಕ್ಕಿಂತ ಜಾಸ್ತಿ. ನಮ್ಮ ಬೀದಿಯಲ್ಲಿ ಕೆಲಸದಿಂದ ನಿವೃತ್ತರಾದ ನರ್ಸ್ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಸಿಸ್ಟರ್ ಅಂತಲೇ ಕರೆಯುವುದು. ಅವರು ಬಂದು, ನಾನು ಬಿಪಿ ನೋಡುವುದನ್ನು ಪಕ್ಕದಲ್ಲಿ ಸುಮ್ನೆ ಕೂತು ನೋಡಿದರು. ಆಮೇಲೆ ಹೇಳಿದರು: "ಮೆಷಿನ್ ಚೆನ್ನಾಗಿದೆ ಕಣಮ್ಮಾ. ನೀನು ಅವಸರ ಮಾಡ್ತಿದ್ದೀಯ. ಮತ್ತೆ ಈ ಪಟ್ಟಿ ಅಪ್ಪನ ಕೈಗೆ ಸಾಲ್ತಾ ಇಲ್ಲ."

ಅವತ್ತು ಅವರು ಕಲಿಸಿದ್ದು, ಆಮೇಲೆ ಓದಿ ತಿಳಿದುಕೊಂಡಿದ್ದು, ದಿನಾ ನೋಡಿ ರೂಢಿಯಾಗಿದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಶ್ನೆ: ಈ ಮೆಷಿನ್ ನಿಮಗೆ ಬೇಕಾ?

ಡಯಲ್ ಮೆಷಿನ್‌ಗೆ ಬ್ಯಾಟರಿ ಬೇಡ. ಚೆನ್ನಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ನಾಡಿ ತಾಳ ತಪ್ಪಿ ಬಡಿಯುವವರಲ್ಲಿ ಡಿಜಿಟಲ್ ಮೆಷಿನ್ ಕೆಲವೊಮ್ಮೆ ತಡಬಡಾಯಿಸುತ್ತದೆ. ಅಂಥವರಿಗೆ ಕಿವಿಯಿಂದ ಕೇಳಿ ನೋಡುವ ಈ ಕ್ರಮ ಒಳ್ಳೆಯದು. ಆದರೂ ಒಂದು ಸಲಕ್ಕೆ ನಿಲ್ಲಿಸಬಾರದು, ಮೂರು ನಾಲ್ಕು ಸಲ ನೋಡಿ ಸರಾಸರಿ ತೆಗೆಯಬೇಕು.

ಆದರೆ ಒಂಟಿಯಾಗಿ ಇರುವವರಿಗೆ ಇದು ಕಷ್ಟ. ಒಂದು ಕೈಗೆ ಪಟ್ಟಿ, ಇನ್ನೊಂದು ಕೈಯಲ್ಲಿ ಗಾಳಿ ಹಾಕುವುದು, ಸ್ಟೆತಸ್ಕೋಪ್ ಹಿಡಿಯುವುದು ಎರಡೂ ಆಗಬೇಕು. ಆ ಪ್ರಯಾಸಕ್ಕೇ ಬಿಪಿ ಏರುತ್ತದೆ. ಕಿವಿ ಮಂದ ಇರುವವರಿಗೂ ಇದು ಹೊಂದುವುದಿಲ್ಲ. ಅಂಥ ಮನೆಯಲ್ಲಿ ತೋಳಿಗೆ ಕಟ್ಟುವ ಒಳ್ಳೆಯ ಡಿಜಿಟಲ್ ಮೆಷಿನ್ ತೆಗೆದುಕೊಳ್ಳಿ. ಮನೆಯಲ್ಲಿ ನೋಡಲು ಇನ್ನೊಬ್ಬರಿದ್ದು, ಅವರಿಗೆ ಕಲಿಯುವ ಮನಸ್ಸಿದ್ದರೆ ಮಾತ್ರ ಡಯಲ್ ಮೆಷಿನ್ ತನ್ನಿ.

ಒಳಗೆ ಏನಿದೆ

ತೋಳಿಗೆ ಸುತ್ತುವ ಬಟ್ಟೆಯ ಪಟ್ಟಿ. ಅಂಗಡಿಯಲ್ಲಿ ಕಫ್ ಅನ್ನುತ್ತಾರೆ. ಅದರೊಳಗೆ ಒಂದು ರಬ್ಬರ್ ಚೀಲ. ಚೀಲದಿಂದ ಎರಡು ಕೊಳವೆ. ಒಂದು ಡಯಲ್‌ಗೆ, ಇನ್ನೊಂದು ಹಿಚುಕುವ ಬಲ್ಬ್‌ಗೆ. ಬಲ್ಬ್ ಹತ್ತಿರ ಗಾಳಿ ಬಿಡಲು ಒಂದು ತಿರುಪು. ಡಯಲ್ ಒಳಗೆ ಪಾದರಸ ಇಲ್ಲ. ತೆಳು ಲೋಹದ ಒಂದು ಪೊಟ್ಟಣ ಇರುತ್ತದೆ. ಗಾಳಿ ಒತ್ತಿದಾಗ ಅದು ಉಬ್ಬುತ್ತದೆ, ಪುಟ್ಟ ಹಲ್ಲಿನ ಚಕ್ರಗಳು ಆ ಉಬ್ಬನ್ನು ಮುಳ್ಳಿಗೆ ದಾಟಿಸುತ್ತವೆ. ಕೈಗಡಿಯಾರದಷ್ಟೇ ನಾಜೂಕು. ಇದನ್ನು ನೆನಪಿಟ್ಟುಕೊಂಡರೆ ಕೆಳಗೆ ಬೀಳಿಸಬಾರದು ಎನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಡಯಲ್ ಮೇಲೆ 0ಯಿಂದ 300ರವರೆಗೆ ಗುರುತು. ಒಂದು ಸಣ್ಣ ಗೆರೆ ಅಂದರೆ 2. ಪಾದರಸದ ಕಂಬ ಇಷ್ಟು ಮಿಲಿಮೀಟರ್ ಏರುವಷ್ಟು ಒತ್ತಡ ಎನ್ನುವುದೇ ಈ ಅಂಕಿಯ ಅರ್ಥ. ಪಾದರಸ ಹೋದರೂ ಅದರ ಲೆಕ್ಕ ಉಳಿದಿದೆ.

ಪಟ್ಟಿಯ ಅಳತೆ: ಜಾಸ್ತಿ ಜನ ತಪ್ಪುವುದು ಇಲ್ಲೇ

ಅಪ್ಪ ಜೀವನಪೂರ್ತಿ ಅಡಿಕೆ ತೋಟದಲ್ಲಿ ದುಡಿದವರು. ರೆಟ್ಟೆ ದಪ್ಪ. ಟೇಪ್ ಹಿಡಿದು ಅಳೆದರೆ 36 ಸೆಂ.ಮೀ. ನಾನು ತಂದ ಪಟ್ಟಿ 32 ಸೆಂ.ಮೀ.ವರೆಗಿನ ತೋಳಿಗೆ ಮಾಡಿದ್ದು. ಪಟ್ಟಿ ಚಿಕ್ಕದಾದರೆ ರಕ್ತನಾಳವನ್ನು ಒತ್ತಲು ಜಾಸ್ತಿ ಗಾಳಿ ಬೇಕಾಗುತ್ತದೆ. ಇರುವುದಕ್ಕಿಂತ ಹೆಚ್ಚಿನ ಬಿಪಿ ತೋರಿಸುತ್ತದೆ. ತೋಳಿಗಿಂತ ತೀರಾ ದೊಡ್ಡದಾದರೆ ಕಡಿಮೆ ತೋರಿಸುತ್ತದೆ.

ನೀವೂ ಅಳೆದು ನೋಡಿ. ಭುಜದ ತುದಿಯಿಂದ ಮೊಣಕೈವರೆಗೆ ನಡುಭಾಗ ಗುರುತಿಸಿ, ಅಲ್ಲಿ ಟೇಪ್ ಸುತ್ತಿ. ಒಳಗಿನ ರಬ್ಬರ್ ಚೀಲದ ಉದ್ದ ಆ ಸುತ್ತಳತೆಯ ಶೇಕಡ 80ರಷ್ಟಿರಬೇಕು, ಅಗಲ ಶೇಕಡ 40ರಷ್ಟು. ತೋಳು 30 ಸೆಂ.ಮೀ. ಇದ್ದರೆ ಚೀಲ 24 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲ. ಇಲ್ಲಿ ಅಳೆಯಬೇಕಾದ್ದು ಹೊರಗಿನ ಬಟ್ಟೆಯನ್ನಲ್ಲ, ಒಳಗಿನ ಚೀಲವನ್ನು. ಈ ಲೆಕ್ಕ ಬೇಡ ಅಂದರೆ ಪಟ್ಟಿಯ ಮೇಲೇ ಎಷ್ಟು ಸೆಂ.ಮೀ. ತೋಳಿಗೆ ಎಂದು ಅಚ್ಚು ಹಾಕಿರುತ್ತಾರೆ, ಅದನ್ನು ನೋಡಿ. ಸರ್ಜಿಕಲ್ ಅಂಗಡಿಗಳಲ್ಲಿ ದೊಡ್ಡವರ ಪಟ್ಟಿ, ದಪ್ಪ ತೋಳಿನ ಪಟ್ಟಿ, ಮಕ್ಕಳ ಪಟ್ಟಿ ಬಿಡಿಯಾಗಿಯೇ ಸಿಗುತ್ತವೆ. ಪಟ್ಟಿ ಬದಲಾಯಿಸಿದ ಮೇಲೆ ಅಪ್ಪನ ಅಂಕಿ ಇಳಿಯಿತು. ಅಲ್ಲಿಯವರೆಗೆ ನಾವು ಬರೆದಿಟ್ಟಿದ್ದ ಅಂಕಿಗಳನ್ನೆಲ್ಲ ಹೊಡೆದು ಹಾಕಬೇಕಾಯಿತು.

ನೋಡುವ ಮೊದಲಿನ ಅರ್ಧ ಗಂಟೆ

ಕಾಫಿ, ಟೀ, ಬೀಡಿ ಸಿಗರೇಟು, ವಾಕಿಂಗ್, ತೋಟದ ಕೆಲಸ ಯಾವುದೂ ಬೇಡ. ಮೂತ್ರಕ್ಕೆ ಹೋಗಿ ಬರಲಿ. ತಡೆದುಕೊಂಡು ಕೂತರೆ ಅದಕ್ಕೇ ಬಿಪಿ ಏರುತ್ತದೆ. ಆಮೇಲೆ ಐದು ನಿಮಿಷ ಕುರ್ಚಿಯಲ್ಲಿ ಸುಮ್ಮನೆ ಕೂರಬೇಕು. ಟಿವಿಯಲ್ಲಿ ವಾರ್ತೆ ಬೇಡ, ಫೋನ್ ಬೇಡ, ಮಾತೂ ಬೇಡ. ನೋಡುವಾಗ "ನಿನ್ನೆ ಎಷ್ಟಿತ್ತು?" ಅಂತ ಅಪ್ಪ ಕೇಳುತ್ತಿದ್ದರು, ನಾನೂ ಉತ್ತರ ಕೊಡುತ್ತಿದ್ದೆ. ಬರೀ ಮಾತಿಗೇ ಮೇಲಿನ ಅಂಕಿ 10ರಷ್ಟು ಏರಬಹುದು ಎಂದು ಸಿಸ್ಟರ್ ಹೇಳಿದ ಮೇಲೆ ಇಬ್ಬರೂ ಬಾಯಿ ಮುಚ್ಚಿ ಕೂರುತ್ತೇವೆ.

ಕೂರುವ ಭಂಗಿಯೂ ಮುಖ್ಯ. ನಮ್ಮ ಕಡೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೈ ಚಾಚುವುದು ರೂಢಿ. ಅದು ಬೇಡ. ಬೆನ್ನಿಗೆ ಆನಿಕೆ ಇರುವ ಕುರ್ಚಿ, ಎರಡೂ ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಹಾಕಬಾರದು. ಕೈ ಮೇಜಿನ ಮೇಲೆ ಒರಗಿರಬೇಕು, ಅಂಗೈ ಮೇಲ್ಮುಖವಾಗಿರಲಿ. ಪಟ್ಟಿ ಕಟ್ಟಿದ ಜಾಗ ಹೃದಯದ ಮಟ್ಟಕ್ಕೆ, ಅಂದರೆ ಎದೆಮೂಳೆಯ ನಡುಭಾಗದ ಎತ್ತರಕ್ಕೆ ಬರಬೇಕು. ಕೈ 10 ಸೆಂ.ಮೀ. ಕೆಳಗಿದ್ದರೆ ಅಂಕಿ ಸುಮಾರು 7–8ರಷ್ಟು ಜಾಸ್ತಿ ಬರುತ್ತದೆ. ಮೇಜು ತಗ್ಗಾಗಿದ್ದರೆ ಕೈ ಕೆಳಗೆ ಒಂದು ದಿಂಬು ಇಡಿ. ಕೂತವರೇ ಕೈಯನ್ನು ಎತ್ತಿ ಹಿಡಿದುಕೊಳ್ಳುವುದೂ ತಪ್ಪು, ಸ್ನಾಯು ಬಿಗಿದರೂ ಬಿಪಿ ಏರುತ್ತದೆ.

ಪಟ್ಟಿ ಬರಿ ತೋಳಿನ ಮೇಲೆ ಬರಬೇಕು. ಶರ್ಟಿನ ತೋಳನ್ನು ಸುರುಳಿ ಸುತ್ತಿ ಮೇಲೆ ತಳ್ಳಿದರೆ ಅದೇ ಹಗ್ಗದ ಹಾಗೆ ಬಿಗಿಯುತ್ತದೆ. ಒಂದು ತೋಳನ್ನು ಪೂರ್ತಿ ಬಿಚ್ಚಿಬಿಡುವುದು ವಾಸಿ. ಅಮ್ಮಂದಿರ ರವಿಕೆಯ ತೋಳು ಮೊಣಕೈವರೆಗೆ ಬಿಗಿಯಾಗಿರುತ್ತದೆ, ಅಲ್ವಾ? ನೋಡುವ ಹೊತ್ತಿಗೆ ಸಡಿಲ ನೈಟಿ ಹಾಕಿಕೊಂಡರೆ ಅವರಿಗೂ ಸಂಕೋಚವಿಲ್ಲ, ನಿಮಗೂ ಸುಲಭ.

ಕೆಲವರ ಒಂದು ಕೈಗೆ ಪಟ್ಟಿ ಕಟ್ಟಲೇಬಾರದು. ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿದ (ಫಿಸ್ಟುಲಾ ಮಾಡಿದ) ಕೈ, ಸ್ತನದ ಆಪರೇಷನ್ನಿನಲ್ಲಿ ಕಂಕುಳಿನ ಗಂಟುಗಳನ್ನು ತೆಗೆದ ಬದಿಯ ಕೈ, ಡ್ರಿಪ್ ಹಾಕಿರುವ ಕೈ. ಇವನ್ನು ಬಿಟ್ಟು ಇನ್ನೊಂದು ಕೈಯಲ್ಲಿ ನೋಡಿ.

ಈಗ ನೋಡುವುದು

ಮುಳ್ಳು 0 ಮೇಲೆ ನಿಂತಿದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಇವತ್ತು ಬೇಡ, ಕೆಳಗೆ ನಿರ್ವಹಣೆಯ ಭಾಗ ಓದಿ.

ಮೊಣಕೈ ಮಡಿಕೆಯಲ್ಲಿ, ಕಿರುಬೆರಳಿನ ಕಡೆಗೆ, ಬೆರಳಿಟ್ಟು ನಾಡಿ ಹುಡುಕಿ. ನಡುವೆ ಹಗ್ಗದಂತೆ ಗಟ್ಟಿಯಾಗಿ ಸಿಗುವುದು ಸ್ನಾಯುವಿನ ತುದಿ. ಅದರ ಒಳಬದಿಯಲ್ಲಿ ನಾಡಿ ಇರುತ್ತದೆ. ಸ್ಟೆತಸ್ಕೋಪ್ ಇಡಬೇಕಾದ್ದು ಅಲ್ಲೇ. ಹೊಸದಾಗಿ ಕಲಿಯುವಾಗ ಪೆನ್ನಿನಲ್ಲಿ ಒಂದು ಚುಕ್ಕೆ ಇಟ್ಟುಕೊಳ್ಳಿ.

ಪಟ್ಟಿಯ ಕೆಳ ಅಂಚು ಮಡಿಕೆಗಿಂತ ಎರಡು ಬೆರಳು ಮೇಲಿರಲಿ. ಪಟ್ಟಿಯ ಮೇಲಿನ ಬಾಣದ ಗುರುತು ನಾಡಿಯ ನೇರಕ್ಕೆ ಬರಲಿ. ಕಟ್ಟಿದ ಮೇಲೆ ಒಂದು ಬೆರಳು ಸಲೀಸಾಗಿ, ಎರಡು ಬೆರಳು ಕಷ್ಟಪಟ್ಟು ಹೋಗುವಷ್ಟು ಬಿಗಿ ಸಾಕು. ಸಡಿಲ ಕಟ್ಟಿದರೆ ಅಂಕಿ ಜಾಸ್ತಿ ಬರುತ್ತದೆ.

ಸ್ಟೆತಸ್ಕೋಪ್ ಈಗಲೇ ತೆಗೆಯಬೇಡಿ. ಮೊದಲ ಸುತ್ತು ಬೆರಳಿನದ್ದು. ಮಣಿಕಟ್ಟಿನ ನಾಡಿ ಹಿಡಿದು, ತಿರುಪು ಮುಚ್ಚಿ, ಗಾಳಿ ತುಂಬುತ್ತಾ ಹೋಗಿ. ನಾಡಿ ಯಾವ ಅಂಕಿಯಲ್ಲಿ ಮಾಯವಾಯಿತು? 140 ಅಂದುಕೊಳ್ಳಿ. ಅದನ್ನು ನೆನಪಿಟ್ಟು ಗಾಳಿ ಪೂರ್ತಿ ಬಿಡಿ. ಒಂದು ನಿಮಿಷ ಬಿಡುವು ಕೊಡಿ.

ಈ ಸುತ್ತನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಕೆಲವರಲ್ಲಿ, ಅದರಲ್ಲೂ ಬಿಪಿ ಜಾಸ್ತಿ ಇರುವ ವಯಸ್ಸಾದವರಲ್ಲಿ, ಸದ್ದು ಒಮ್ಮೆ ಶುರುವಾಗಿ, ನಡುವೆ ನಿಂತು, ಇನ್ನೂ ಕೆಳಗೆ ಮತ್ತೆ ಕೇಳಿಸುತ್ತದೆ. ಅಂದಾಜಿನಲ್ಲಿ 150ಕ್ಕೆ ಗಾಳಿ ನಿಲ್ಲಿಸಿ ಆ ಮೌನದಲ್ಲಿ ಸಿಕ್ಕಿಬಿದ್ದರೆ, 180 ಇರುವವರಿಗೆ 140 ಅಂತ ಬರೆದುಬಿಡುತ್ತೇವೆ. ಬೆರಳಿಗೆ ಈ ಮೋಸ ಆಗುವುದಿಲ್ಲ. 1896ರಲ್ಲಿ ಇಟಲಿಯ ವೈದ್ಯ ರಿವಾ-ರೊಚ್ಚಿ ತೋಳಿಗೆ ಗಾಳಿಪಟ್ಟಿ ಕಟ್ಟುವ ಸಾಧನವನ್ನು ಮುಂದಿಟ್ಟಾಗ ಬೆರಳಿನ ಕ್ರಮವೇ ಇದ್ದಿದ್ದು, ಮೇಲಿನ ಅಂಕಿ ಮಾತ್ರ ಸಿಗುತ್ತಿತ್ತು. 1905ರಲ್ಲಿ ರಷ್ಯಾದ ಸರ್ಜನ್ ಕೊರೊಟ್ಕಾಫ್ ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು ಕೇಳಿದಾಗ ಕೆಳಗಿನ ಅಂಕಿಯೂ ಸಿಕ್ಕಿತು. ಅವರಿಬ್ಬರ ಕೆಲಸವನ್ನೂ ನಾವು ಇವತ್ತು ಅದೇ ಕ್ರಮದಲ್ಲಿ, ಒಂದರ ಹಿಂದೆ ಒಂದು ಮಾಡುತ್ತಿದ್ದೇವೆ.

ಈಗ ಸ್ಟೆತಸ್ಕೋಪ್. ಕಿವಿಯ ತುದಿಗಳು ಮುಂದಕ್ಕೆ, ಮೂಗಿನ ಕಡೆಗೆ ಬಾಗಿರುವಂತೆ ಹಾಕಿಕೊಳ್ಳಿ. ಬಿಲ್ಲೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಸದ್ದು ಕೇಳಿಸುತ್ತದಾ ನೋಡಿ. ಎರಡು ಬದಿಯ ಬಿಲ್ಲೆಯಾದರೆ ಯಾವ ಬದಿಗೆ ತಿರುಗಿದೆ ಎನ್ನುವುದು ಆಗ ಗೊತ್ತಾಗುತ್ತದೆ. ಬಿಲ್ಲೆಯನ್ನು ನಾಡಿಯ ಮೇಲೆ ಹಗುರವಾಗಿ ಇಡಿ. ಪಟ್ಟಿಯೊಳಗೆ ತುರುಕಬೇಡಿ. ಜೋರಾಗಿ ಒತ್ತಿದರೆ ಸದ್ದು ನಿಲ್ಲಬೇಕಾದ ಕಡೆ ನಿಲ್ಲದೆ ಇನ್ನೂ ಕೆಳಗಿನವರೆಗೆ ಕೇಳಿಸುತ್ತದೆ.

ನಾಡಿ ಮಾಯವಾದ ಅಂಕಿಗಿಂತ 30 ಜಾಸ್ತಿ ಗಾಳಿ ತುಂಬಿ. 140 ಇದ್ದರೆ 170. ಇನ್ನು ತಿರುಪನ್ನು ಕೂದಲೆಳೆಯಷ್ಟು ಬಿಡಿಸಿ. ಮುಳ್ಳು ಸೆಕೆಂಡಿಗೆ 2ರಿಂದ 3 ಮಾತ್ರ ಇಳಿಯಬೇಕು. ಅಂದಾಜಿಗೆ, ನಾಡಿಯ ಒಂದು ಬಡಿತಕ್ಕೆ ಒಂದು ಸಣ್ಣ ಗೆರೆ. ಹಾಗೆ ಬಿಟ್ಟರೆ 170ರಿಂದ 70ಕ್ಕೆ ಬರಲು ಮುಕ್ಕಾಲು ನಿಮಿಷದ ಹತ್ತಿರ ಬೇಕು. ನಾನು ಮೊದಲು ಹತ್ತು ಸೆಕೆಂಡಿನಲ್ಲಿ ಬಿಟ್ಟುಬಿಡುತ್ತಿದ್ದೆ. ಬೇಗ ಬಿಟ್ಟರೆ ಮೊದಲ ಸದ್ದು ತಡವಾಗಿ ಗಮನಕ್ಕೆ ಬರುತ್ತದೆ, ಮೇಲಿನ ಅಂಕಿ ಕಡಿಮೆ ಬರುತ್ತದೆ, ಕೆಳಗಿನದು ಜಾಸ್ತಿ ಬರುತ್ತದೆ. ತಿರುಪಿನ ಮೇಲೆ ಹಿಡಿತ ಬರಲು ಒಂದು ಉಪಾಯ: ಪಟ್ಟಿಯನ್ನು ನೀರು ತುಂಬಿದ ಗಟ್ಟಿ ಬಾಟಲಿಗೆ ಸುತ್ತಿ, ಗಾಳಿ ತುಂಬಿ, ನಿಧಾನ ಬಿಡುವುದನ್ನು ಹತ್ತಿಪ್ಪತ್ತು ಸಲ ಮಾಡಿ. ನೋವಾಗುವವರು ಯಾರೂ ಇಲ್ಲ, ನಿಮಗೆ ಗಡಿಬಿಡಿಯೂ ಇಲ್ಲ.

ಇಳಿಯುವಾಗ ಮುಳ್ಳು ಸಣ್ಣಗೆ ಕುಣಿಯಲು ಶುರು ಮಾಡುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮುಳ್ಳಿನ ಕುಣಿತ ಸದ್ದಿಗಿಂತ ಮೊದಲೇ ಬರುತ್ತದೆ. ಕಿವಿಯನ್ನೇ ನಂಬಿ. ಟಕ್, ಟಕ್ ಎಂದು ಒಂದರ ಹಿಂದೆ ಒಂದು ಎರಡು ಬಡಿತ ಕೇಳಿಸಿದಾಗ, ಮೊದಲನೆಯದು ಕೇಳಿಸಿದ ಅಂಕಿಯೇ ಮೇಲಿನ ಬಿಪಿ. ಸದ್ದು ಬಲವಾಗಿ, ಆಮೇಲೆ ಮಂಕಾಗಿ, ಕೊನೆಗೆ ಪೂರ್ತಿ ನಿಲ್ಲುತ್ತದೆ. ಕೊನೆಯ ಸದ್ದು ಎಲ್ಲಿ ಕೇಳಿಸಿತೋ ಅದು ಕೆಳಗಿನ ಬಿಪಿ. ಇನ್ನೊಂದು 10 ಇಳಿಯುವವರೆಗೂ ಕಿವಿಗೊಟ್ಟು, ನಿಜವಾಗಿ ನಿಂತಿದೆ ಎಂದು ಖಾತ್ರಿಯಾದ ಮೇಲೆ ಗಾಳಿ ಪೂರ್ತಿ ಬಿಡಿ. ಗರ್ಭಿಣಿಯರಲ್ಲಿ, ರಕ್ತ ಕಡಿಮೆ ಇರುವವರಲ್ಲಿ ಕೆಲವೊಮ್ಮೆ ಸದ್ದು 0 ತನಕವೂ ಕೇಳಿಸುತ್ತದೆ. ಆಗ ಸದ್ದು ಮಂಕಾದ ಅಂಕಿಯನ್ನೂ ಬರೆದು ವೈದ್ಯರಿಗೆ ತೋರಿಸಿ.

ಮಧ್ಯದಲ್ಲಿ ತಪ್ಪಿತು ಅನ್ನಿಸಿದರೆ ಅಲ್ಲಿಂದಲೇ ಮತ್ತೆ ಗಾಳಿ ಏರಿಸಬೇಡಿ. ಪೂರ್ತಿ ಬಿಟ್ಟು, ಒಂದು ನಿಮಿಷ ಕಾದು, ಮೊದಲಿನಿಂದ ಮಾಡಿ. ತಪ್ಪದಿದ್ದರೂ ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡರ ಸರಾಸರಿ ತೆಗೆಯಿರಿ.

ಮೊದಲ ದಿನ ಎರಡೂ ಕೈ ನೋಡಿ. ಯಾವ ಕೈಯಲ್ಲಿ ಜಾಸ್ತಿ ಬರುತ್ತದೋ ಇನ್ನು ಮುಂದೆ ಅದೇ ಕೈ. ಮತ್ತೆ ಮತ್ತೆ ನೋಡಿದರೂ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತಿದ್ದರೆ ವೈದ್ಯರಿಗೆ ಹೇಳಬೇಕು.

ಬರೆಯುವಾಗ

ಕಂಡಿದ್ದನ್ನು ಕಂಡ ಹಾಗೆ ಬರೆಯಿರಿ. 134/86 ಇದ್ದರೆ 134/86. ಸುಲಭಕ್ಕೆ 130/90 ಎಂದು ದುಂಡು ಮಾಡಬಾರದು. ಡಯಲ್‌ನಲ್ಲಿ ಗೆರೆಗಳು ಎರಡೆರಡರ ಲೆಕ್ಕದಲ್ಲಿರುವುದರಿಂದ ನಿಮ್ಮ ಅಂಕಿ ಯಾವಾಗಲೂ ಸಮಸಂಖ್ಯೆಯೇ ಆಗಬೇಕು. ಸರಾಸರಿ ತೆಗೆದಾಗ ಬೆಸ ಬಂದರೆ ಪರವಾಗಿಲ್ಲ. ತಾರೀಖು, ಹೊತ್ತು, ಯಾವ ಕೈ, ಮಾತ್ರೆ ನುಂಗುವ ಮೊದಲೋ ಆಮೇಲೋ, ಎಲ್ಲ ಇರಲಿ.

ದಿನಾ ಹತ್ತು ಸಲ ನೋಡಿ ಪ್ರಯೋಜನವಿಲ್ಲ. ಅದು ಚಿಂತೆ ಹೆಚ್ಚಿಸುತ್ತದೆ ಅಷ್ಟೆ. ವೈದ್ಯರ ಬಳಿ ಹೋಗುವ ಮೊದಲಿನ ಒಂದು ವಾರ, ಬೆಳಿಗ್ಗೆ ಮಾತ್ರೆಗೆ ಮೊದಲು ಎರಡು ಸಲ, ಸಂಜೆ ಎರಡು ಸಲ ನೋಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆದರೆ ಅವರಿಗೆ ಸರಿಯಾದ ಚಿತ್ರ ಸಿಗುತ್ತದೆ. ಮನೆಯಲ್ಲಿ ಈ ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಬಿಪಿ ಜಾಸ್ತಿ ಎಂದು ಲೆಕ್ಕ. ಆಸ್ಪತ್ರೆಯಲ್ಲಿ ನೋಡಿದಾಗ ಈ ಗಡಿ 140/90. ಒಂದು ದಿನದ ಅಂಕಿ ನೋಡಿ ಮಾತ್ರೆ ಬಿಡುವುದು, ಜಾಸ್ತಿ ಮಾಡುವುದು ಬೇಡವೇ ಬೇಡ.

180/120 ದಾಟಿದರೆ ಐದು ನಿಮಿಷ ಕೂರಿಸಿ ಮತ್ತೆ ನೋಡಿ. ಅಷ್ಟೇ ಇದ್ದರೆ ಅವತ್ತೇ ವೈದ್ಯರಿಗೆ ತಿಳಿಸಿ. ಅದರ ಜೊತೆ ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು, ಮುಖ ಒಂದು ಕಡೆ ಸೊಟ್ಟಗಾಗುವುದು, ಕೈಕಾಲು ಬಲ ಕಳೆದುಕೊಳ್ಳುವುದು, ಕಣ್ಣು ಮಂಜಾಗುವುದು ಇದ್ದರೆ ಎರಡನೇ ಸಲ ನೋಡುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.

ಮೆಷಿನ್ ಕಾಪಾಡಿಕೊಳ್ಳುವುದು

ಗಾಳಿ ಸೋರುವುದು ಇದರ ದೊಡ್ಡ ಕಾಯಿಲೆ. ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ. ಪಟ್ಟಿಯನ್ನು ಅದೇ ಬಾಟಲಿಗೆ ಸುತ್ತಿ, 200ಕ್ಕೆ ಗಾಳಿ ತುಂಬಿ, ತಿರುಪು ಮುಚ್ಚಿ, ಒಂದು ನಿಮಿಷ ಕಾಯಿರಿ. ಮುಳ್ಳು 4ಕ್ಕಿಂತ ಜಾಸ್ತಿ ಇಳಿದರೆ ಎಲ್ಲೋ ಸೋರುತ್ತಿದೆ. ಎಲ್ಲಿ? ಬಲ್ಬ್‌ಗೆ ಹೋಗುವ ಕೊಳವೆಯನ್ನು ಪಟ್ಟಿಯ ಹತ್ತಿರ ಮಡಿಸಿ ಗಟ್ಟಿಯಾಗಿ ಹಿಡಿಯಿರಿ. ಆಗ ಮುಳ್ಳು ನಿಂತರೆ ತೊಂದರೆ ಬಲ್ಬ್, ತಿರುಪು ಅಥವಾ ಆ ಕೊಳವೆಯಲ್ಲಿ. ಆಗಲೂ ಇಳಿಯುತ್ತಿದ್ದರೆ ಪಟ್ಟಿಯ ಚೀಲದಲ್ಲಿ ಅಥವಾ ಡಯಲ್ ಕಡೆಯ ಕೊಳವೆಯಲ್ಲಿ. ಕೊಳವೆಯನ್ನು ಬಗ್ಗಿಸಿ ನೋಡಿದರೆ ಸಣ್ಣ ಬಿರುಕು ಕಣ್ಣಿಗೆ ಬೀಳುತ್ತದೆ, ಹೆಚ್ಚಾಗಿ ಜೋಡಣೆಯ ತುದಿಯಲ್ಲೇ. ಬಲ್ಬ್, ತಿರುಪು, ಚೀಲ ಎಲ್ಲ ಬಿಡಿಯಾಗಿ ಸಿಗುತ್ತವೆ. ಇಡೀ ಮೆಷಿನ್ ಎಸೆಯಬೇಕಿಲ್ಲ.

ಹಿಚುಕಿದರೂ ಗಾಳಿ ಏರದಿದ್ದರೆ ಬಲ್ಬ್‌ನ ಹಿಂಬದಿಯ ತೂತು ನೋಡಿ. ಅಲ್ಲಿನ ಕವಾಟದಲ್ಲಿ ಬಟ್ಟೆಯ ಜುಂಗು, ಧೂಳು ಸೇರಿರುತ್ತದೆ. ಮೆತ್ತನೆಯ ಬ್ರಷ್‌ನಲ್ಲಿ ತೆಗೆಯಿರಿ. ತಿರುಪನ್ನು ಬಲ ಹಾಕಿ ಬಿಗಿಯಬೇಡಿ, ಒಳಗಿನ ಅಂಚು ಸವೆದು ಸೋರಲು ಶುರುವಾಗುತ್ತದೆ.

ಗಾಳಿ ತುಂಬುವಾಗ ಪಟ್ಟಿ ಚರ್ ಎಂದು ಬಿಚ್ಚಿಕೊಂಡರೆ ವೆಲ್ಕ್ರೋದಲ್ಲಿ ಜುಂಗು ತುಂಬಿದೆ ಎಂದರ್ಥ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಸ್ವಚ್ಛ ಮಾಡಿದರೂ ಹಿಡಿಯದಿದ್ದರೆ ಪಟ್ಟಿ ಬದಲಾಯಿಸಿ. ಮೇಲೆ ಹಗ್ಗ ಕಟ್ಟಿ ಸರಿತೂಗಿಸಬೇಡಿ.

ಬೆವರು ಕುಡಿದ ಪಟ್ಟಿಯನ್ನು ಒಗೆಯಬಹುದು, ಆದರೆ ಒಳಗಿನ ಚೀಲ ತೆಗೆದು. ಚೀಲ ಯಾವ ಕಡೆ ಮುಖ ಮಾಡಿತ್ತು, ಕೊಳವೆ ಯಾವ ತೂತಿನಿಂದ ಬಂದಿತ್ತು ಎಂದು ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ವೆಲ್ಕ್ರೋ ಮುಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಸೋಪು ಹಾಕಿ ಕೈಯಲ್ಲೇ ಒಗೆದು ನೆರಳಲ್ಲಿ ಒಣಗಿಸಿ. ಚೀಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೊಳವೆಯೊಳಗೆ ನೀರು ಹೋಗಬಾರದು. ಡಯಲ್‌ಗೆ ನೀರು ತಾಕಿಸಲೇಬೇಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅರೆಬರೆ ಒಣಗಿದ ಪಟ್ಟಿಗೆ ಎರಡೇ ದಿನದಲ್ಲಿ ಬೂಷ್ಟು ಬರುತ್ತದೆ. ಆ ತಿಂಗಳುಗಳಲ್ಲಿ ಒಗೆಯದೆ ಒರೆಸಿಟ್ಟರೂ ಆದೀತು.

ಇಡುವಾಗ ಗಾಳಿ ಪೂರ್ತಿ ಹಿಂಡಿ ತೆಗೆದು, ತಿರುಪು ತೆರೆದಿಟ್ಟು, ಪಟ್ಟಿಯನ್ನು ಸಡಿಲವಾಗಿ ಸುತ್ತಿಡಿ. ಕೊಳವೆಯನ್ನು ಡಯಲ್ ಸುತ್ತ ಬಿಗಿದು ಸುತ್ತಬೇಡಿ. ಬಿಸಿಲು ಬೀಳುವ ಕಿಟಕಿ, ಕಾರಿನ ಡ್ಯಾಶ್‌ಬೋರ್ಡ್ ರಬ್ಬರ್‌ಗೆ ಆಗದ ಜಾಗ. ಮಕ್ಕಳ ಕೈಗೂ ಸಿಗಬಾರದು. ಏನಕ್ಕೂ ಸುತ್ತದೆ ಬರಿ ಪಟ್ಟಿಗೆ ಗಾಳಿ ಹೊಡೆದರೆ ಚೀಲ ಉಬ್ಬಿ ಕೆಡುತ್ತದೆ. ಮುಳ್ಳು 300 ದಾಟಿದರೆ ಒಳಗಿನ ಲೋಹದ ಪೊಟ್ಟಣ ಹಾಳಾಗುತ್ತದೆ.

ಮುಳ್ಳು 0 ಬಿಟ್ಟು ನಿಂತಿದ್ದರೆ ಡಯಲ್ ಬಿಚ್ಚಿ ನೀವೇ ಸರಿ ಮಾಡಲು ಹೋಗಬೇಡಿ. ಎಷ್ಟು ಆಚೆ ಇದೆಯೋ ಅಷ್ಟು ಕಳೆದು ಬರೆಯುವುದೂ ಸರಿಯಲ್ಲ, ತಪ್ಪು ಎಲ್ಲ ಅಂಕಿಗಳಲ್ಲೂ ಒಂದೇ ಸಮ ಇರುವುದಿಲ್ಲ. ಇನ್ನೊಂದು ವಿಷಯ: ಮುಳ್ಳು 0 ಮೇಲೆ ಸರಿಯಾಗಿ ನಿಂತಿದ್ದ ಮಾತ್ರಕ್ಕೆ 150ರಲ್ಲೂ ಸರಿ ತೋರಿಸುತ್ತದೆ ಎಂದು ಹೇಳಲಾಗದು. ಆರು ತಿಂಗಳಿಗೊಮ್ಮೆ, ಮತ್ತು ಕೆಳಗೆ ಬಿದ್ದಾಗಲೆಲ್ಲ, ಪರೀಕ್ಷೆ ಮಾಡಿಸಬೇಕು. ರಿಪೇರಿ ಮಾಡುವವರು ನಂಬಿಕೆಯ ಒಂದು ಮೀಟರನ್ನೂ ನಿಮ್ಮ ಡಯಲನ್ನೂ ಕವಲು ಕೊಳವೆಯಲ್ಲಿ ಜೋಡಿಸಿ, 50, 100, 150, 200 ಹೀಗೆ ಹೋಲಿಸುತ್ತಾರೆ. ಎಲ್ಲೂ 3ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು.

ಹಳೆಯ ಪಾದರಸದ ಮೆಷಿನ್ ಮನೆಯಲ್ಲಿದ್ದರೆ

ಕೆಲವು ಮನೆಗಳ ಬೀರುವಿನಲ್ಲಿ ಪೆಟ್ಟಿಗೆಯಂಥ ಪಾದರಸದ ಮೆಷಿನ್ ಇನ್ನೂ ಇದೆ. ಅಳತೆಯಲ್ಲಿ ಅದು ಒಳ್ಳೆಯದೇ. ಆದರೆ ಪಾದರಸ ವಿಷ. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ 2013ರ ಮಿನಮಾಟಾ ಒಪ್ಪಂದದಲ್ಲಿ ಇಂಥ ಸಾಧನಗಳ ತಯಾರಿಕೆ ನಿಲ್ಲಿಸಲು 2020ರ ಗಡುವು ಇಟ್ಟರು, ಭಾರತವೂ ಅದಕ್ಕೆ ಸೇರಿದೆ. ಕಸದ ಬುಟ್ಟಿಗೆ, ಗುಜರಿಗೆ ಹಾಕಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ತೆಗೆದುಕೊಳ್ಳುತ್ತಾರಾ ಕೇಳಿ.

ಒಡೆದು ಚೆಲ್ಲಿದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆಯಿರಿ, ಫ್ಯಾನ್ ಆರಿಸಿ. ಕೈಯ ಚಿನ್ನದ ಉಂಗುರ, ಬಳೆ ತೆಗೆದಿಡಿ, ಪಾದರಸ ಚಿನ್ನಕ್ಕೆ ಅಂಟಿಕೊಳ್ಳುತ್ತದೆ. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಬೇಡ, ಹನಿಗಳು ಇನ್ನೂ ಚದುರುತ್ತವೆ. ಗ್ಲೌಸ್ ಹಾಕಿಕೊಂಡು, ಎರಡು ಗಟ್ಟಿ ರಟ್ಟಿನ ತುಂಡುಗಳಿಂದ ಹನಿಗಳನ್ನು ಒಟ್ಟು ಮಾಡಿ, ಸ್ವಲ್ಪ ನೀರಿರುವ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಿರಿ. ಸಿಂಕಿಗೆ ಸುರಿಯಬೇಡಿ.

ವೈದ್ಯರ ಬಳಿ ಹೋಗುವ ದಿನ

ಹೋಗುವಾಗ ಬರೆದಿಟ್ಟ ಪುಸ್ತಕದ ಜೊತೆ ಮೆಷಿನ್ನನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಅವರು ತಮ್ಮ ಮೆಷಿನ್‌ನಲ್ಲಿ ನೋಡಿದ ಮೇಲೆ, ಒಂದೆರಡು ನಿಮಿಷ ಬಿಟ್ಟು, ಅದೇ ಕೈಯಲ್ಲಿ ನಿಮ್ಮದರಲ್ಲೂ ನೋಡಿ ಎಂದು ಕೇಳಿಕೊಳ್ಳಿ. ನೀವು ಪಟ್ಟಿ ಕಟ್ಟುವುದನ್ನು, ಗಾಳಿ ಬಿಡುವುದನ್ನು ಅಲ್ಲಿನ ನರ್ಸ್ ಒಮ್ಮೆ ನೋಡಿದರೆ ಇನ್ನೂ ಒಳ್ಳೆಯದು. ಎರಡು ಅಂಕಿಯನ್ನೂ ಅಕ್ಕಪಕ್ಕ, ಆ ದಿನದ ತಾರೀಖಿನ ಕೆಳಗೆ ಬರೆದಿಡಿ. ಅಪ್ಪನ ಪುಸ್ತಕದಲ್ಲಿ ಆ ಸಾಲುಗಳನ್ನು ನಾನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಮೆಷಿನ್ ದಾರಿ ತಪ್ಪಲು ಶುರುವಾದರೆ ಮೊದಲು ಗೊತ್ತಾಗುವುದು ಅಲ್ಲೇ.